ಪದಶೋಧ: ಅಕ್ಷರ ಹಿಡಿದು ಪದ ಹುಡುಕುವ ವಿದ್ಯೆ

ಇಷ್ಟೇ ಅಕ್ಷರಗಳಿರಬೇಕು, ಅವುಗಳಲ್ಲಿ ಇಂಥದ್ದು ಇಂಥ ಜಾಗದಲ್ಲಿ ಕೂತಿರಬೇಕು ಎಂಬ ಕಟ್ಟಳೆಗೆ ಒಪ್ಪುವ ಪದವನ್ನು ಹುಡುಕಿ ತೆಗೆಯುವ ಕ್ರಮವೇ ಪದಶೋಧ. ಪದಬಂಧ, ಸ್ಕ್ರ್ಯಾಬಲ್, ವರ್ಡಲ್ ಮುಂತಾದ ಆಟಗಳಿಂದಾಗಿ ಇದು ಇಂದಿನ ಹವ್ಯಾಸದಂತೆ ಕಾಣುತ್ತದೆ. ಆದರೆ ಆಟ ಬಂದದ್ದು ತಡವಾಗಿ. ಮೊದಲು ಈ ಹುಡುಕಾಟಕ್ಕೆ ಬಿದ್ದವರು ನಿಘಂಟುಕಾರರು ಮತ್ತು ಕವಿಗಳು.

ಸಂಸ್ಕೃತದ ನಾನಾರ್ಥ ಕೋಶಗಳು ಪದಗಳನ್ನು ಕಡೆಯ ವ್ಯಂಜನದ ಪ್ರಕಾರ ಜೋಡಿಸುತ್ತಿದ್ದವು. ಅಮರಕೋಶದ ನಾನಾರ್ಥವರ್ಗದಲ್ಲಿ ನಾಕ, ಲೋಕ, ಶ್ಲೋಕ ಅಕ್ಕಪಕ್ಕ ಬರುವುದು ಅರ್ಥಸಂಬಂಧದಿಂದಲ್ಲ, ಮೂರೂ ‘ಕ’ದಲ್ಲಿ ಮುಗಿಯುವುದರಿಂದ. 1111ರಲ್ಲಿ ಮಹೇಶ್ವರ ರಚಿಸಿದ ವಿಶ್ವಪ್ರಕಾಶ ಇದರ ಜೊತೆಗೆ ಅಕ್ಷರಗಳ ಎಣಿಕೆಯನ್ನೂ ಲೆಕ್ಕಕ್ಕೆ ತಂದುಕೊಂಡಿತು. 12ನೆಯ ಶತಮಾನದ ಹೇಮಚಂದ್ರ ತನ್ನ ಅನೇಕಾರ್ಥಸಂಗ್ರಹದಲ್ಲಿ ಎಣಿಕೆಗೇ ಮೊದಲ ಮಣೆ ಹಾಕಿದ: ಒಂದು ಸ್ವರದ ಪದಗಳಿಗೆ ಒಂದು ಕಾಂಡ, ಎರಡು ಸ್ವರದವಕ್ಕೆ ಇನ್ನೊಂದು, ಹೀಗೆ ಆರರವರೆಗೆ. ‘ಮೂರಕ್ಷರದ, ತ ಅಂತ್ಯದ ಪದ’ ಬೇಕೆಂದವನಿಗೆ ಅದು ಎಲ್ಲಿರಬೇಕೆಂದು ಮೊದಲೇ ಗೊತ್ತಿರುತ್ತಿತ್ತು.

ಇದಕ್ಕೂ ಹಿಂದೆ, 8ನೆಯ ಶತಮಾನದಲ್ಲಿ, ಬಸ್ರಾದ ಅಲ್ ಖಲೀಲ್ ಅರಬ್ಬಿ ನಿಘಂಟು ‘ಕಿತಾಬ್ ಅಲ್ ಐನ್’ಗೆ ಇನ್ನೂ ಸಾಹಸದ ದಾರಿ ಹಿಡಿದಿದ್ದ. ಮೂರು ವ್ಯಂಜನಗಳ ಧಾತುವನ್ನು ಆರು ಬಗೆಯಲ್ಲಿ ಹೊರಳಿಸಬಹುದು, ನಾಲ್ಕರದ್ದನ್ನು 24, ಐದರದ್ದನ್ನು 120. ಎಲ್ಲ ಹೊರಳುಗಳನ್ನೂ ಗಣನೆಗೆ ತೆಗೆದುಕೊಂಡು, ಬಳಕೆಯಲ್ಲಿರುವವನ್ನು ಒಂದೆಡೆಗೆ ತಂದು, ಇಲ್ಲದವನ್ನು ಇಲ್ಲವೆಂದು ಗುರುತಿಸುವುದು ಅವನ ಕ್ರಮ. ಇಂದಿನ ಅಕ್ಷರಪಲ್ಲಟದ ಆಟಗಳೆಲ್ಲ ಮಾಡುವುದು ಇದನ್ನೇ, ಅವನಷ್ಟು ತಾಳ್ಮೆಯಿಂದಲ್ಲ.

ಕನ್ನಡದಲ್ಲಿ ಈ ಅಗತ್ಯ ಹುಟ್ಟಿದ್ದು ಪ್ರಾಸದಿಂದ. ಹಳಗನ್ನಡ ಪದ್ಯದಲ್ಲಿ ಪ್ರತಿ ಪಾದದ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು. ಅದರ ಹಿಂದಿನ ಸ್ವರ ಹ್ರಸ್ವವೋ ದೀರ್ಘವೋ ಎಂಬುದೂ ಹೊಂದಬೇಕು. ಛಂದೋಂಬುಧಿಯನ್ನು ಬರೆದ ನಾಗವರ್ಮ ಪ್ರಾಸಗಳಿಗೆ ಪ್ರಾಣಿಗಳ ಹೆಸರನ್ನೇ ಇಟ್ಟಿದ್ದಾನೆ: ಹಿಂದೆ ಹ್ರಸ್ವವಿದ್ದರೆ ಸಿಂಹ, ದೀರ್ಘವಿದ್ದರೆ ಗಜ, ಒತ್ತು ದ್ವಿತ್ವವಾದರೆ ಹಯ. ಕಂದಕ್ಕೆ ಇಂಥ ನಾಲ್ಕು ಆರಂಭಗಳು ಸಾಕು, ಷಟ್ಪದಿಗೆ ಆರು ಬೇಕು. ಭಾಮಿನಿಯ ಪ್ರತಿ ಸಾಲೂ ಮೂರು ಮಾತ್ರೆಯ ಗಣದಿಂದ ಶುರುವಾಗುವುದರಿಂದ ಅಕ್ಷರದ ಜೊತೆ ಅಳತೆಯ ಕಟ್ಟೂ ಸೇರಿತು. ಕುಮಾರವ್ಯಾಸ ಒಂದೊಂದು ಪದ್ಯಕ್ಕೂ ಆರಾರು ಸಲ ಇದನ್ನು ಬಿಡಿಸಿದ್ದಾನೆ ಎಂಬುದನ್ನು ಓದುವಾಗ ನಾವು ಮರೆತೇಬಿಡುತ್ತೇವೆ.

ತೊಡಕು ಎದುರಾದದ್ದು ಉಚ್ಚಾರ ಸವೆದಾಗ. ಮೞೆ, ಏೞು ಪದಗಳಲ್ಲಿರುವುದು ೞ. ಕೇಳ್, ತೋಳ್‌ಗಳಲ್ಲಿರುವುದು ಳ. ಇವೆರಡನ್ನು ಪ್ರಾಸದಲ್ಲಿ ಬೆರೆಸಿದರೆ ದೋಷ. ಆಡುನುಡಿಯಲ್ಲಿ ೞ ಕರಗಿಹೋದ ಮೇಲೆ ಯಾವ ಪದದಲ್ಲಿ ಯಾವುದಿದೆ ಎಂದು ಕಿವಿ ಹೇಳಲಾರದು. 13ನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ೞಕಾರವುಳ್ಳ ಪದಗಳನ್ನು ಪಟ್ಟಿಮಾಡಿಕೊಟ್ಟ. ಇಂಥ ಅಕ್ಷರವಿರುವ ಪದಗಳೆಲ್ಲ ಒಂದೇ ಕಡೆ ಸಿಗಲಿ ಎಂಬ ಆ ಪಟ್ಟಿಯನ್ನು ಕನ್ನಡದ ಹಳೆಯ ಪದಶೋಧ ಸಾಧನವೆಂದು ಕರೆಯಲು ನನಗೆ ಸಂಕೋಚವಿಲ್ಲ. ಕಿಟೆಲ್ 1872ರಲ್ಲಿ ಈ ಗ್ರಂಥವನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು.

ಆಟದ ಕಾಲ ಶುರುವಾದದ್ದು 1913ರ ಡಿಸೆಂಬರ್ 21ರಂದು. ಲಿವರ್‌ಪೂಲ್ ಮೂಲದ ಆರ್ಥರ್ ವಿನ್ ಅಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ವಜ್ರಾಕಾರದ ಪದಬಂಧ ಪ್ರಕಟಿಸಿದರು. 1924ರಲ್ಲಿ ಸೈಮನ್ ಆ್ಯಂಡ್ ಶುಸ್ಟರ್ ಪದಬಂಧಗಳ ಪುಸ್ತಕವನ್ನು ಪೆನ್ಸಿಲ್ ಕಟ್ಟಿಯೇ ಮಾರಿತು. ಹುಚ್ಚು ಹಬ್ಬಿದಂತೆ ಪದಗಳನ್ನು ಉದ್ದದ ಪ್ರಕಾರ ವಿಂಗಡಿಸಿದ ಕೋಶಗಳು ಬಂದವು; ಹೇಮಚಂದ್ರನ ಜೋಡಣೆ ಅವನ ಹೆಸರೂ ಕೇಳದವರ ಕೈಯಲ್ಲಿ ಮತ್ತೆ ಹುಟ್ಟಿತು.

ಮುಂದಿನ ಹೆಜ್ಜೆ ಕಂಪ್ಯೂಟರಿನದು. ಯುನಿಕ್ಸ್ ವ್ಯವಸ್ಥೆಗಾಗಿ ಕೆನ್ ಥಾಂಪ್ಸನ್ 1973ರಲ್ಲಿ ‘ಗ್ರೆಪ್’ ಎಂಬ ಆದೇಶ ಬರೆದರು. ಗೊತ್ತಿರುವ ಅಕ್ಷರವನ್ನು ಅದರ ಜಾಗದಲ್ಲಿ ಇಟ್ಟು, ಗೊತ್ತಿಲ್ಲದ ಪ್ರತಿ ಮನೆಗೆ ಒಂದು ಚುಕ್ಕೆ ಇಟ್ಟರೆ ಪದಪಟ್ಟಿಯಿಂದ ಹೊಂದುವವೆಲ್ಲ ಕ್ಷಣದಲ್ಲಿ ಉದುರುತ್ತವೆ. ವಿಂಗಡಿಸಿದ ಕೋಶವೇ ಬೇಡವಾಯಿತು. 1988ರಲ್ಲಿ ಆ್ಯಪೆಲ್ ಮತ್ತು ಜೇಕಬ್‌ಸನ್ ಇಡೀ ನಿಘಂಟನ್ನು ಕವಲೊಡೆಯುವ ಜಾಲವಾಗಿ ಹೆಣೆದು ವೇಗದ ಸ್ಕ್ರ್ಯಾಬಲ್ ಪ್ರೋಗ್ರಾಂ ರೂಪಿಸಿದರು. 2021ರಲ್ಲಿ ಜೋಶ್ ವಾರ್ಡಲ್ ಹೊರತಂದ ವರ್ಡಲ್ ಮಾತ್ರ ಹುಡುಕಾಟವನ್ನು ಯಂತ್ರದಿಂದ ಕಿತ್ತು ಮತ್ತೆ ತಲೆಗೆ ಹೊರಿಸಿತು: ಐದು ಅಕ್ಷರದ ಪದ, ಆರು ಊಹೆ. ಮರುವರ್ಷದ ಜನವರಿಯಲ್ಲಿ ಅದನ್ನು ‘ನ್ಯೂಯಾರ್ಕ್ ಟೈಮ್ಸ್’ ಕೊಂಡಿತು.

ಈ ಚುಕ್ಕೆಗಳ ಲೆಕ್ಕ ಕನ್ನಡಕ್ಕೆ ನೇರವಾಗಿ ಹೊಂದುವುದಿಲ್ಲ. ಯುನಿಕೋಡ್‌ನಲ್ಲಿ ‘ಸ್ತ್ರೀ’ ಎಂಬುದು ಸ, ವಿರಾಮ, ತ, ವಿರಾಮ, ರ, ದೀರ್ಘ ಈಕಾರದ ಗುರುತು ಎಂದು ಆರು ಸಂಕೇತಗಳ ಸಾಲು. ‘ಪುಸ್ತಕ’ವೂ ಆರೇ. ಚುಕ್ಕೆಯೊಂದಕ್ಕೆ ಸಂಕೇತವೊಂದು ಎಂದು ಎಣಿಸುವ ಯಂತ್ರಕ್ಕೆ ಎರಡೂ ಒಂದೇ ಉದ್ದ. ಓದುಗನಿಗೆ ಒಂದು ಏಕಾಕ್ಷರಿ, ಇನ್ನೊಂದು ಮೂರಕ್ಷರದ್ದು. ಆದ್ದರಿಂದ ಕನ್ನಡದ ಪದಶೋಧ ಪ್ರೋಗ್ರಾಂ ಮೊದಲು ಒತ್ತು, ಗುಣಿತಗಳನ್ನು ಕೂಡಿಸಿ ಅಕ್ಷರ ಕಟ್ಟಿಕೊಳ್ಳಬೇಕು, ಎಣಿಕೆ ಆಮೇಲೆ.

ಕನ್ನಡ ಪದಬಂಧದ ಮನೆಯಲ್ಲಿ ಕೂರುವುದು ಇಂಥ ಇಡೀ ಅಕ್ಷರ. ಇಂಗ್ಲಿಷಿನ ಒಂದು ಮನೆಗೆ 26 ಸಾಧ್ಯತೆಗಳಿದ್ದರೆ, ಇಲ್ಲಿ ವ್ಯಂಜನ, ಕಾಗುಣಿತ, ಒತ್ತಕ್ಷರ ಸೇರಿ ನೂರಾರು. ಅಡ್ಡಸಾಲಿನ ‘ಕಿ’ಯೇ ಕೆಳಸಾಲಿಗೂ ಬೇಕು, ‘ಕ’ ಬಂದರೆ ನಡೆಯದು. ಪ್ರಾಸದಲ್ಲಿ ಕ, ಕಿ, ಕು ಒಂದಕ್ಕೊಂದು ಸಲ್ಲುತ್ತಿದ್ದವು, ಅಲ್ಲಿ ನೋಡುತ್ತಿದ್ದುದು ವ್ಯಂಜನವನ್ನು ಮಾತ್ರ. ಆ ಸಡಿಲಿಕೆ ಪದಬಂಧ ಕಟ್ಟುವವರಿಗೆ ಇಲ್ಲವಾದ್ದರಿಂದ, ಪದಗಳು ಒಂದನ್ನೊಂದು ಹಾಯುವ ಮನೆಗಳನ್ನು ಅವರು ಜಿಪುಣರಂತೆ ಇಡಬೇಕಾಗುತ್ತದೆ.