ಬಸುರಿ ಗದ್ದೆಗೆ ಬುತ್ತಿ

ಮಲೆನಾಡಿನ ಭತ್ತದ ರೈತ ದಂಪತಿ ಗದ್ದೆಗೆ ಕಾಲಿಡದ ದಿನಗಳು ಮಳೆಗಾಲದಲ್ಲಿ ಕಡಿಮೆ. ಹೂಟಿಗೆ ಅವನು, ಸಸಿ ಕಿತ್ತು ನೆಡಲು ಅವಳು, ಅಂಚು ಕಡಿಯಲು ಅವನು, ಕಳೆ ಕೀಳಲು ಅವಳು. ದುಡಿಮೆಯ ಹಂಗಿಲ್ಲದೆ, ಹೊಸ ಬಟ್ಟೆಯುಟ್ಟು, ಇಬ್ಬರೂ ಜೊತೆಯಾಗಿ ಅದೇ ಗದ್ದೆಗೆ ಹೋಗಿ, ಅಲ್ಲೇ ಕುಳಿತು ಉಂಡು ಬರುವ ಬೆಳಗು ಶರದೃತುವಿನಲ್ಲಿ ಬರುತ್ತದೆ. ಅದು ಆಶ್ವಯುಜ ಮಾಸದ ಹುಣ್ಣಿಮೆ. ಮಲೆನಾಡಿನವರಿಗೆ ಭೂಮಿ ಹುಣ್ಣಿಮೆ, ಬಯಲುಸೀಮೆಯ ಹಲವರಿಗೆ ಸೀಗಿ ಹುಣ್ಣಿಮೆ.

ಜುಲೈನಲ್ಲಿ ನಾಟಿಯಾದ ದೀರ್ಘಾವಧಿ ಭತ್ತ ಈ ಹೊತ್ತಿಗೆ ಹೊಡೆ ತುಂಬಿ ನಿಂತಿರುತ್ತದೆ. ತೆನೆ ಇನ್ನೂ ಹೊರಗೆ ಕಂಡಿರುವುದಿಲ್ಲ, ಎಲೆಯ ಒರೆಯೊಳಗೆ ಬೆಳೆಯುತ್ತಿರುತ್ತದೆ. ಇದನ್ನೇ ರೈತರು ಭೂಮಿ ಬಸುರಿ ಎನ್ನುತ್ತಾರೆ. ಬಸುರಿಗೆ ಬಯಕೆ ತೀರಿಸಬೇಕು, ಸೀಮಂತ ಮಾಡಬೇಕು. ಕೃಷಿ ವಿಜ್ಞಾನವೂ ಈ ಘಟ್ಟವನ್ನು ಅಷ್ಟೇ ಜೋಪಾನದಿಂದ ನೋಡುತ್ತದೆ. ಹೊಡೆಯೊಡೆಯುವ ದಿನಗಳಲ್ಲಿ ನೀರು ಕೈಕೊಟ್ಟರೆ ಅಥವಾ ಬೆಂಕಿರೋಗ ಕುತ್ತಿಗೆಗೆ ತಗುಲಿದರೆ ಕಾಳು ಜೊಳ್ಳಾಗುತ್ತದೆ. ವರ್ಷದ ಅನ್ನ ನಿರ್ಧಾರವಾಗುವ ಹೊತ್ತಿನಲ್ಲಿ ಗಂಡ ಹೆಂಡತಿ ಇಬ್ಬರೂ ಗದ್ದೆಯ ಪ್ರತಿ ಅಂಚಿನಲ್ಲೂ ನಡೆದುಬರುವ ಏರ್ಪಾಡನ್ನು ಹಿರಿಯರು ಹಬ್ಬವಾಗಿಯೇ ಮಾಡಿಟ್ಟರು.

ಸಾಗರ, ಸೊರಬ, ಸಿದ್ಧಾಪುರದ ಕಡೆಯ ದೀವರ ಸಮುದಾಯದ ಮನೆಗಳಲ್ಲಿ ತಯಾರಿ ಹುಣ್ಣಿಮೆಗೆ ಎಷ್ಟೋ ಮೊದಲೇ ಶುರು. ವಿಜಯದಶಮಿಯ ಹೊತ್ತಿಗೆ, ಗದ್ದೆಗೆ ಬುತ್ತಿ ಒಯ್ಯುವ ಭೂಮಣ್ಣಿ ಬುಟ್ಟಿ ಅಟ್ಟದಿಂದ ಕೆಳಗಿಳಿಯುತ್ತದೆ. ಹೆಂಗಸರು ಅದಕ್ಕೆ ಸಗಣಿ ಬಳಿದು, ಮೇಲೆ ಕೆಮ್ಮಣ್ಣಿನ ಲೇಪ ಕೊಟ್ಟು ಒಣಗಿಸುತ್ತಾರೆ. ನೆನೆಸಿದ ಅಕ್ಕಿಯನ್ನು ನುಣ್ಣಗೆ ಅರೆದು ಬಿಳಿ ಬಣ್ಣ ಮಾಡುತ್ತಾರೆ. ಹುರಿದ ಅಕ್ಕಿ ಕಪ್ಪು ಕೊಡುತ್ತದೆ, ಗುರಿಗೆ ಬೀಜ ಹಳದಿ ಕೊಡುತ್ತದೆ. ಕುಂಚವೆಂದರೆ ಪುಂಡಿನಾರು. ಆ ನಾರಿನ ತುದಿಯಿಂದ ಎಳೆಯುವ ಗೆರೆ ಕೂದಲೆಳೆಯಷ್ಟು ಸಣ್ಣದಾಗಿ, ಬುಟ್ಟಿಯ ಹೆಣಿಗೆಯ ಏರುತಗ್ಗುಗಳ ಮೇಲೂ ತಪ್ಪದೆ ಸಾಗಬೇಕು. ಭತ್ತದ ಸಸಿ, ತೆನೆ, ಹಕ್ಕಿ, ಏಣಿ, ಕೈಕೈ ಹಿಡಿದ ಮನುಷ್ಯರು ಸಾಲುಸಾಲಾಗಿ ಮೂಡುತ್ತಾರೆ. ಮದುವೆಮನೆಯ ಗೋಡೆಗೆ ಬರೆಯುವ ಹಸೆ ಚಿತ್ತಾರದ ಕೈಯೇ ಇಲ್ಲೂ ಓಡುವುದು. ಗೋಡೆಯ ಹಸೆ ದಂಪತಿಯ ಬಾಳನ್ನು ಹರಸಿದರೆ, ಬುಟ್ಟಿಯ ಚಿತ್ತಾರ ಅವರ ಬೆಳೆಯನ್ನು ಹರಸುತ್ತದೆ.

ಹುಣ್ಣಿಮೆಯ ಹಿಂದಿನ ರಾತ್ರಿ ಮನೆಯಲ್ಲಿ ನಿದ್ದೆಯಿಲ್ಲ. ಸೌತೆಕಾಯಿ ಕಡುಬು, ಹೋಳಿಗೆ, ಚಿತ್ರಾನ್ನ ಒಂದೊಂದಾಗಿ ಒಲೆಯಿಂದಿಳಿಯುತ್ತವೆ. ಹಿತ್ತಲು ಬೇಲಿಗಳಿಂದ ಕೊಯ್ದು ತಂದ ಹತ್ತಾರು ಬಗೆಯ ಸೊಪ್ಪು, ಹೀರೆ, ಅಮಟೆ, ಕೆಸುವೆಲ್ಲ ಸೇರಿ ಹಚ್ಚಂಬಲಿಯಾಗುತ್ತದೆ. ಅದು ತುಂಬುವುದು ಚಿಕ್ಕ ಬುಟ್ಟಿಗೆ. ಪೂಜೆಯ ಸಾಮಾನು ಮತ್ತು ಊಟ ದೊಡ್ಡ ಬುಟ್ಟಿಗೆ. ನಸುಕಿನಲ್ಲಿ ಗಂಡಸು ಸೂಡಿ ಹಿಡಿದು, ಜಾಗಟೆಯ ಸದ್ದಿನೊಂದಿಗೆ ಗದ್ದೆಗಿಳಿದು, ಭೂಮಿತಾಯಿಯನ್ನು ಉಣ್ಣಲು ಕರೆಯುತ್ತ ಹಚ್ಚಂಬಲಿ ಬೀರುತ್ತಾನೆ. ಬೆಳಕು ಹರಿದ ಮೇಲೆ ದೊಡ್ಡ ಬುಟ್ಟಿಯೊಂದಿಗೆ ಮನೆಮಂದಿಯೆಲ್ಲ ಹೊರಡುತ್ತಾರೆ. ಊರಿಂದೂರಿಗೆ ಈ ಕ್ರಮ ಸ್ವಲ್ಪ ಬದಲಾದರೂ ಪೂಜೆಯ ಜಾಗ ಮಾತ್ರ ಒಂದೇ, ಹೊಡೆ ತುಂಬಿದ ಪೈರಿನ ಬುಡ. ಪೈರಿಗೆ ಹೂ ಮುಡಿಸಿ, ತಾಳಿ ಕಟ್ಟಿ, ಎಡೆ ಬಡಿಸುತ್ತಾರೆ. ಕಾಗೆಗೂ ಇಲಿಗೂ ಬೇರೆ ಎಡೆ ಇಡುತ್ತಾರೆ. ಕೆಲವು ಕಡೆ ಒಂದು ಕಡುಬನ್ನು ಗದ್ದೆಯಲ್ಲೇ ಹೂತಿಟ್ಟು, ಕೊಯ್ಲಿನ ದಿನ ತೆಗೆದು ಎಲ್ಲರೂ ಹಂಚಿಕೊಳ್ಳುವ ಪದ್ಧತಿಯಿದೆ.

ಪೈರನ್ನು ಹೀಗೆ ಗದ್ದೆಯಲ್ಲೇ ಪೂಜಿಸಿ ಕಾಯುವುದು ಸಾಗರ ಸೀಮೆಯೊಂದರ ಕಲ್ಪನೆಯಲ್ಲ. ಸಾವಿರ ವರ್ಷಕ್ಕೂ ಹಳೆಯದೆಂದು ಅನೇಕ ವಿದ್ವಾಂಸರು ಎಣಿಸುವ ‘ಕೃಷಿ ಪರಾಶರ’ ಎಂಬ ಸಂಸ್ಕೃತ ಬೇಸಾಯ ಗ್ರಂಥದಲ್ಲಿ, ಕಾರ್ತಿಕ ಸಂಕ್ರಾಂತಿಯಂದು ಗದ್ದೆಯಲ್ಲಿ ಜೊಂಡು ನೆಡುವ ವಿಧಿಯಿದೆ. ಪೈರನ್ನು ರೋಗ ಮತ್ತು ಕೀಟದಿಂದ ಕಾಯಲೆಂಬುದು ಅದರ ಉದ್ದೇಶ. ಬಂಗಾಳದ ಹಳ್ಳಿಗಳಲ್ಲಿ ಅದೇ ಹೊತ್ತಿಗೆ ನಲ ಸಂಕ್ರಾಂತಿ, ಒಡಿಶಾದಲ್ಲಿ ಗರ್ಭಣ ಸಂಕ್ರಾಂತಿ. ನಮ್ಮ ಕೊಡಗಿನವರು ತಲಕಾವೇರಿಯ ತೀರ್ಥೋದ್ಭವದ ತುಲಾ ಸಂಕ್ರಮಣಕ್ಕೆ ಬಳ್ಳಿ ಸುತ್ತಿದ ಬೊತ್ತು ಕೋಲುಗಳನ್ನು ಗದ್ದೆಗಳಲ್ಲಿ ನೆಡುತ್ತಾರೆ. ಮಲೆನಾಡು ಎಣಿಸುವುದು ಚಂದ್ರನನ್ನು, ಕೊಡಗು ಎಣಿಸುವುದು ಸೂರ್ಯನನ್ನು. ಹಾಗಾಗಿ ದಿನ ಹಿಂದುಮುಂದಾಗುತ್ತದೆ. 2024ರಲ್ಲಿ ಎರಡೂ ಅಕ್ಟೋಬರ್ 17ಕ್ಕೇ ಬಂದವು.

ದಿನವನ್ನು ನಿಜಕ್ಕೂ ಗೊತ್ತುಮಾಡುವುದು ಬೆಳೆ. ಉತ್ತರ ಕರ್ನಾಟಕದ ಎರೆಹೊಲಗಳಲ್ಲಿ ಇದನ್ನು ಸ್ಪಷ್ಟವಾಗಿ ನೋಡಬಹುದು. ಮುಂಗಾರಿ ಬೆಳೆಗೆ ಸೀಗಿ ಹುಣ್ಣಿಮೆ, ಹಿಂಗಾರಿ ಜೋಳಕ್ಕೆ ಚಳಿಗಾಲದ ಎಳ್ಳಮಾಸೆ. ಎರಡಕ್ಕೂ ಬಂಡಿ ಕಟ್ಟಿ, ಸಜ್ಜೆರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಲೆ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಹೊಲದ ಸುತ್ತ ಚರಗ ಚೆಲ್ಲಿ, ಬನ್ನಿ ಅಥವಾ ಬೇವಿನ ನೆರಳಲ್ಲಿ ಉಣ್ಣುತ್ತಾರೆ. ಬೆಳೆ ಬೇರೆ, ಮಣ್ಣು ಬೇರೆ, ದೇವರ ರೂಪವೂ ಬೇರೆ. ಚೆಲ್ಲುವ ಕೈ ಮತ್ತು ಬುತ್ತಿ ಕಟ್ಟುವ ಕೈ ಜೊತೆಯಾಗಿರಬೇಕೆಂಬುದು ಮಾತ್ರ ಎಲ್ಲೆಡೆ ಸಮಾನ.

ಆದರೆ ಸಾಗರ ಸೀಮೆಯ ಈ ಜೋಡಿಗಳು ತಲೆಮಾರುಗಳ ಕಾಲ ಪೂಜಿಸಿದ ಗದ್ದೆ ಅವರದ್ದಾಗಿರಲಿಲ್ಲ. ದೀವರಲ್ಲಿ ಬಹಳ ಮಂದಿ ಗೇಣಿದಾರರು. ಹುಣ್ಣಿಮೆಗೆ ಸೀಮಂತ ಮಾಡಿದ ಪೈರು ಕೊಯ್ಲಾಗಿ ಕಣಕ್ಕೆ ಬಂದಾಗ ಒಡೆಯರ ಕೊಳಗ ಮುಂದೆ ಬಂದು ಕೂರುತ್ತಿತ್ತು. ಗೇಣಿ ಅಳೆಯುವ ಆ ಕೊಳಗ ರೂಢಿಯ ಅಳತೆಗಿಂತ ದೊಡ್ಡದೆಂಬ ತಕರಾರೇ ಕಾಗೋಡು ಎಂಬ ಹಳ್ಳಿಯಲ್ಲಿ ಚಳವಳಿಯಾಯಿತು. ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಸಂಘಟಿಸಿದರು. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಆರಂಭವಾಯಿತು, ಶಾಂತವೇರಿ ಗೋಪಾಲಗೌಡರ ಸಮಾಜವಾದಿ ಬಳಗ ಜೊತೆಗೆ ನಿಂತಿತು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದಾಗ ದೇಶವೇ ಈ ಹಳ್ಳಿಯ ಕಡೆ ತಿರುಗಿ ನೋಡಿತು. ಸತ್ಯಾಗ್ರಹಿಗಳ ಮಾರ್ಗ ಸರಳವಾಗಿತ್ತು. ತಾವು ಉತ್ತು ಬಂದ ಗದ್ದೆಗೆ ನೇಗಿಲು ಹಿಡಿದು ಇಳಿಯುವುದು, ಪೊಲೀಸರು ಹಿಡಿದರೆ ಜೈಲಿಗೆ ಹೋಗುವುದು.

ಆ ಹೋರಾಟವನ್ನು ಬರೀ ರಾಜಕೀಯದ ಅಧ್ಯಾಯವಾಗಿ ಓದಿದರೆ ಅರ್ಧ ಮಾತ್ರ ಸಿಗುತ್ತದೆ. ಪ್ರತಿ ಶರತ್ಕಾಲದಲ್ಲೂ ಒಂದು ಗದ್ದೆಯನ್ನು ಮನೆಮಗಳಂತೆ ಕಂಡು ಬಯಕೆ ತೀರಿಸಿದವರಿಗೆ, ಆ ಗದ್ದೆ ತಮಗೆ ಏನೂ ಅಲ್ಲವೆಂಬ ಕಾಗದದ ಮಾತು ಒಪ್ಪಿಗೆಯಾಗುವುದು ಸಾಧ್ಯವಿರಲಿಲ್ಲ. ಹಕ್ಕಿನ ತಿಳಿವಳಿಕೆ ಭಾಷಣಗಳಿಂದ ಬಂದಷ್ಟೇ ಬುಟ್ಟಿ ಹೊತ್ತ ಆ ನಡಿಗೆಯಿಂದಲೂ ಬಂದಿತ್ತು.

‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆ ಕಾನೂನಿನ ಬಲ ಪಡೆದದ್ದು ದೇವರಾಜ ಅರಸರ ಕಾಲದಲ್ಲಿ. ಭೂಸುಧಾರಣಾ ಕಾಯ್ದೆಯ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದು, ಗೇಣಿ ಭೂಮಿ ಸರ್ಕಾರದ ವಶವಾಗಿ, ನಮೂನೆ 7ರ ಅರ್ಜಿ ಹಿಡಿದ ರೈತರು ಭೂ ನ್ಯಾಯಮಂಡಳಿಗಳ ಮುಂದೆ ಸಾಲುಗಟ್ಟಿದರು. ಕಾಗೋಡಿನ ಕೂಗಿಗೂ ಈ ಹಕ್ಕಿಗೂ ನಡುವೆ 23 ಶರತ್ಕಾಲಗಳು ಕಳೆದಿದ್ದವು. ಆಗಲೂ ಅರ್ಜಿಗಳು ಹೆಚ್ಚಾಗಿ ಗಂಡಸರ ಹೆಸರಿನಲ್ಲೇ ಹೋದವು. ಹಬ್ಬದಲ್ಲಿ ಜೋಡಿಯಿಲ್ಲದೆ ನಡೆಯದ ಗದ್ದೆ, ದಾಖಲೆಯಲ್ಲಿ ಒಬ್ಬನದಾಯಿತು. ನೆಟ್ಟವಳ, ಕಳೆ ಕಿತ್ತವಳ, ಬುಟ್ಟಿಗೆ ಚಿತ್ತಾರ ಬರೆದವಳ ಪಾಲನ್ನು ಜಾನಪದ ಎಂದೋ ಒಪ್ಪಿತ್ತು. ಕಂದಾಯದ ಕಡತ ಆ ಮಟ್ಟಕ್ಕೆ ಏರಲಿಲ್ಲ.

ಇನ್ನೊಂದು ಕಡೆ ಗದ್ದೆಗಳೇ ಇಲ್ಲವಾಗುತ್ತಿದ್ದವು. ಶರಾವತಿಗೆ ಮೊದಲು ಹಿರೇಭಾಸ್ಕರ ಅಣೆಕಟ್ಟು ಬಂತು. 1964ರಲ್ಲಿ ಲಿಂಗನಮಕ್ಕಿ ಪೂರ್ಣಗೊಂಡಾಗ ಹಿನ್ನೀರು ಕಣಿವೆಯ ಊರೂರುಗಳನ್ನೇ ನುಂಗಿತು. ತಮ್ಮ ನೆಲ ಮುಳುಗಿಸಿ ನಾಡಿಗೆಲ್ಲ ವಿದ್ಯುತ್ ಬೆಳಕು ಕೊಟ್ಟ ಆ ಊರುಗಳ ಕುಟುಂಬಗಳು ಶಿವಮೊಗ್ಗ ಜಿಲ್ಲೆಯ ಬೇರೆಬೇರೆ ಕಾಡಂಚುಗಳಲ್ಲಿ ಮತ್ತೆ ಮೊದಲಿನಿಂದ ಗದ್ದೆ ತೆಗೆಯಬೇಕಾಯಿತು. ಅವರ ಹಕ್ಕುಪತ್ರದ ಪ್ರಶ್ನೆ ಇಂದಿಗೂ ಪೂರ್ತಿ ಬಗೆಹರಿದಿಲ್ಲ. ತಮ್ಮದೆಂದು ಬರೆದುಕೊಡದ ಭೂಮಿಗೆ ಎಡೆ ಇಡುವ ಪಾಡು ಅಲ್ಲಿ ಮುಂದುವರಿದಿದೆ.

ಈಗ ಗದ್ದೆಯನ್ನು ತಿನ್ನುತ್ತಿರುವುದು ನೀರಲ್ಲ, ಅಡಿಕೆ ಮತ್ತು ಶುಂಠಿ. ಕೂಲಿಯ ಕೊರತೆ, ಭತ್ತಕ್ಕೆ ಸಿಗುವ ಕಡಿಮೆ ಬೆಲೆ, ಕಾಡುಪ್ರಾಣಿಗಳ ಹಾವಳಿಯ ನಡುವೆ ರೈತರು ಬಯಲು ಗದ್ದೆಗಳಿಗೂ ಅಡಿಕೆ ಸಸಿ ಇಳಿಸಿದ್ದಾರೆ. ಹಬ್ಬ ನಿಂತಿಲ್ಲ. ತೋಟದಲ್ಲಿ ಗೊನೆ ಬಿಟ್ಟ ಮರದ ಬುಡಕ್ಕೂ ಬುಟ್ಟಿ ಇಳಿಯುತ್ತದೆ, ಎಡೆ ಬೀಳುತ್ತದೆ. ಅದೇ ದಿನ ವಾಲ್ಮೀಕಿ ಜಯಂತಿಯ ಸರ್ಕಾರಿ ರಜೆಯಿರುವುದರಿಂದ, ಬೆಂಗಳೂರು ಮತ್ತು ಶಿವಮೊಗ್ಗದಲ್ಲಿ ಕೆಲಸಕ್ಕಿರುವ ಎಳೆಯ ದಂಪತಿಗಳಿಗೆ ಊರಿಗೆ ಬಂದು ಅಪ್ಪ ಅಮ್ಮನ ಜೊತೆ ಗದ್ದೆಗಿಳಿಯಲು ಅವಕಾಶವೂ ಇದೆ. ಚಿತ್ತಾರದ ಬುಟ್ಟಿಗಳು ನಗರದ ಕರಕುಶಲ ಮೇಳಗಳಲ್ಲಿ ಗೋಡೆಯ ಅಲಂಕಾರವಾಗಿ ಮಾರಾಟವಾಗುತ್ತಿವೆ. ಹಲವು ಹೆಂಗಸರಿಗೆ ಅದು ಸ್ವಂತ ಹೆಸರಿನ ಸಂಪಾದನೆ ಕೊಟ್ಟಿದೆ, ಒಳ್ಳೆಯದೇ.

ಬುಟ್ಟಿ ಮತ್ತು ಚಿತ್ತಾರ ಹೀಗೆ ಬೇರೆ ದಾರಿಯಲ್ಲಾದರೂ ಉಳಿಯುತ್ತವೆ. ಹೊಡೆ ತುಂಬಿದ ಗದ್ದೆಯನ್ನು ಮೇಳದಲ್ಲಿ ಇಡಲು ಬರುವುದಿಲ್ಲ. ಮಲೆನಾಡಿನ ಭತ್ತ ಬೆಳೆಯುವ ಕುಟುಂಬಕ್ಕೆ ಖರ್ಚು ಮೀರಿದ ಬೆಲೆ ಸಿಗಬೇಕು, ಖರೀದಿ ಕೇಂದ್ರ ಕೊಯ್ಲಿನ ಹೊತ್ತಿಗೇ ಬಾಗಿಲು ತೆರೆಯಬೇಕು, ಪಹಣಿಯಲ್ಲಿ ಹೆಂಡತಿಯ ಹೆಸರೂ ಗಂಡನ ಹೆಸರಿನ ಪಕ್ಕಕ್ಕೆ ಬರಬೇಕು. ಭೂಮಿ ಹುಣ್ಣಿಮೆಯ ಬಗ್ಗೆ ಅಭಿಮಾನದಿಂದ ಮಾತಾಡುವ ನಾಡು ಮೊದಲು ಕೈಹಾಕಬೇಕಾದ ಕೆಲಸಗಳು ಇವು.