ಕದ್ರಿ ಗುಡ್ಡದಿಂದ ಇಚಿಲಂಪಾಡಿಗೆ: ಮಂಗಳೂರು ಆಕಾಶವಾಣಿ

1935ರಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ಕರಾವಳಿಗೆ ತನ್ನದೇ ನಿಲಯ ಸಿಕ್ಕಿದ್ದು ನಾಲ್ಕು ದಶಕಗಳ ಬಳಿಕ: 1976ರ ಡಿಸೆಂಬರ್ 11ರಂದು. ತಡವಾಯಿತೆಂದೇ ಹೇಳಬೇಕು.

ಸ್ಟುಡಿಯೊ ಇರುವುದು ಮಂಗಳೂರಿನ ಕದ್ರಿ ಗುಡ್ಡದಲ್ಲಿ. 1089 ಕಿಲೋಹರ್ಟ್ಸ್‌ನ ಮಧ್ಯಮ ತರಂಗ ಪ್ರೇಷಕ ದೂರದ ಬ್ರಹ್ಮಾವರದಲ್ಲಿ. ಮಧ್ಯಮ ತರಂಗ ನೆಲಕ್ಕೆ ಒರಗಿ ಸಾಗುತ್ತದೆ. ಘಟ್ಟದ ತಪ್ಪಲಿನ ಇಚಿಲಂಪಾಡಿ, ಕಡಬ, ಸುಳ್ಯದಂಥ ಕಡೆಗೆ ಇದೇ ಅನುಕೂಲ. ಎಫ್‌ಎಂ ಹಾಗಲ್ಲ, ಅದು ಬಹುಮಟ್ಟಿಗೆ ನೇರ ದೃಷ್ಟಿರೇಖೆಯಲ್ಲಿ ಓಡುತ್ತದೆ. ಗುಡ್ಡ ಅಡ್ಡ ಬಂದರೆ ಧ್ವನಿ ಕ್ಷೀಣ. ಇದೇ ನಿಲಯವನ್ನು ಎಫ್‌ಎಂ 100.3 ಮೆಗಾಹರ್ಟ್ಸ್‌ನಲ್ಲಿ ಕೇಳುವವರು ರೇಡಿಯೊವನ್ನು ಅಂಗಳದ ಒಂದೊಂದು ಮೂಲೆಗೂ ಹೊತ್ತು ನೋಡುವುದು ಇದಕ್ಕೇ. ಇರುಳಿನಲ್ಲಿ ಮಧ್ಯಮ ತರಂಗಕ್ಕೂ ತೊಂದರೆಯಿದೆ: ಅಯಾನುಗೋಳದ ಕೆಳಪದರ ಕರಗಿ, ದೂರದ ನಿಲಯಗಳ ಸದ್ದು ಮೇಲಿಂದ ಪ್ರತಿಫಲಿಸಿ ಬೆರೆಯುತ್ತದೆ.

ಕನ್ನಡದ ಜೊತೆ ತುಳು, ಕೊಂಕಣಿ, ಬ್ಯಾರಿ ಕಾರ್ಯಕ್ರಮಗಳು ಈ ನಿಲಯದ ಹೆಗ್ಗಳಿಕೆ. ಯಕ್ಷಗಾನ ತಾಳಮದ್ದಳೆಗಂತೂ ಇದಕ್ಕಿಂತ ಒಗ್ಗುವ ಮಾಧ್ಯಮ ಇನ್ನೊಂದಿಲ್ಲ. ವೇಷವಿಲ್ಲದ ಆ ಕಲೆಗೆ ಮಾತೇ ರಂಗಸ್ಥಳ. ಕೃಷಿ ಮಾಹಿತಿ, ಹವಾಮಾನ, ಪ್ರದೇಶ ಸಮಾಚಾರಗಳೂ ಉಂಟು.

ಹಿಂದೆ ಮನೆಯಲ್ಲಿ ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟಿ ಪರವಾನಗಿ ಪಡೆಯಬೇಕಿತ್ತು. ಅಂಥ ಹಳೆಯ ಪರವಾನಗಿ ಪುಸ್ತಕ ನಿಮ್ಮ ಅಟ್ಟದಲ್ಲಿದ್ದರೆ ಎಸೆಯಬೇಡಿ, ಅದೂ ಬಾನುಲಿ ಚರಿತ್ರೆಯ ಒಂದು ಪುಟ.