ಬಿಸಿಲಿಗಾಗಿ ಕಟ್ಟಿದ ಊರು

1/7
ಸ್ವಿಟ್ಜರ್ಲೆಂಡ್ ಅಂದ ತಕ್ಷಣ ನಿಮ್ಮ ಕಣ್ಣ ಮುಂದೆ ಏನು ಬರುತ್ತೆ? ಹಿಮದ ಬೆಟ್ಟ, ಕೊರಳಲ್ಲಿ ಗಂಟೆ ಕಟ್ಟಿದ ಹಸು, ಚಾಕೊಲೇಟ್, ಯಾವುದೋ ಸಿನಿಮಾದ ಹಾಡು. ಅಲ್ವಾ? ಇವತ್ತು ಆ ಪೋಸ್ಟ್‌ಕಾರ್ಡ್‌ಗಳಲ್ಲಿ ಸಿಗದ ಒಂದು ಊರಿಗೆ ಹೋಗೋಣ. ಹೆಸರು ಲಾ ಶೋ-ದ-ಫೋಂ. ಫ್ರಾನ್ಸ್ ಗಡಿಯ ಹತ್ತಿರ, ಜೂರಾ ಬೆಟ್ಟಸಾಲಿನಲ್ಲಿ, ಸುಮಾರು 1000 ಮೀಟರ್ ಎತ್ತರದಲ್ಲಿದೆ. ಮೊದಲ ಫೋಟೋ ನೋಡಿ. ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ಬೀದಿಗಳು! ಯುರೋಪಿನ ಹಳೇ ಊರು ಅಂದ್ರೆ ಅಂಕುಡೊಂಕು ಗಲ್ಲಿ ಇರಬೇಕಲ್ವಾ? ಇಲ್ಲಿ ಯಾಕಿಲ್ಲ? ಸ್ವೈಪ್ ಮಾಡಿ.

2/7
ಇಲ್ಲಿ ಚಳಿಗಾಲ ತುಂಬಾ ಉದ್ದ. ಹಿಮ ಬಿದ್ದರೆ ಹೊಲದಲ್ಲಿ ಕೆಲಸ ಇಲ್ಲ. ಹಾಗಾಗಿ 18ನೇ ಶತಮಾನದಲ್ಲಿ ಇಲ್ಲಿನ ರೈತರು ಕಿಟಕಿ ಪಕ್ಕ ಕೂತು ಗಡಿಯಾರದ ಭಾಗಗಳನ್ನು ಮಾಡೋಕೆ ಶುರು ಮಾಡಿದ್ರು. ಒಂದು ಮನೆಯಲ್ಲಿ ಹಲ್ಲಿನ ಚಕ್ರ, ಇನ್ನೊಂದರಲ್ಲಿ ಮುಳ್ಳು, ಮತ್ತೊಂದರಲ್ಲಿ ಡಯಲ್. ಎಲ್ಲವನ್ನೂ ಒಬ್ಬ ವ್ಯಾಪಾರಿ ಸಂಗ್ರಹಿಸಿ ಜೋಡಿಸಿ ಮಾರುತ್ತಿದ್ದ. ಆಮೇಲೆ 1794ರ ಮೇ ತಿಂಗಳ ಒಂದು ರಾತ್ರಿ ಬೆಂಕಿ ಬಿತ್ತು. ಬೆಳಗಾಗುವಷ್ಟರಲ್ಲಿ ಊರಿನ ನಡುಭಾಗ ಬೂದಿಯಾಗಿತ್ತು.

3/7
ಸುಟ್ಟ ಊರನ್ನು ಮತ್ತೆ ಕಟ್ಟಬೇಕು. ಮೊದಲಿದ್ದ ಹಾಗೇ ಕಟ್ಟಬಹುದಿತ್ತು. ಆದರೆ ಮೊಯೀಸ್ ಪೆರೆ-ಜಾಂಟಿ ಎಂಬಾತ ಹೊಸ ನಕ್ಷೆ ಕೊಟ್ಟ. ಊರು ಬೆಳೆದ ಹಾಗೆ 1835ರಲ್ಲಿ ಶಾರ್ಲ್-ಆನ್ರಿ ಜುನೋ ಎಂಬ ಎಂಜಿನಿಯರ್ ಅದನ್ನು ಇನ್ನಷ್ಟು ವಿಸ್ತರಿಸಿದ. ಲೆಕ್ಕಾಚಾರ ಸರಳ: ಅಗಲವಾದ ನೇರ ಬೀದಿ, ಉದ್ದ ಸಾಲಿನ ಮನೆ, ಸಾಲುಗಳ ಮಧ್ಯೆ ತೋಟ. ಒಂದು ಸಾಲಿನ ನೆರಳು ಇನ್ನೊಂದರ ಮೇಲೆ ಬೀಳಬಾರದು. ಯಾಕೆ ಗೊತ್ತಾ? ಕೂದಲೆಳೆಯಷ್ಟು ಸಣ್ಣ ಭಾಗಗಳನ್ನು ಕೂರಿಸುವವನಿಗೆ ಬೆಳಕೇ ಬಂಡವಾಳ. ಕರೆಂಟ್ ಇನ್ನೂ ಬಂದಿರಲಿಲ್ಲ ನೋಡಿ. ಜೊತೆಗೆ ಬೀದಿ ಅಗಲ ಇದ್ದರೆ ಬೆಂಕಿ ಹಬ್ಬೋದೂ ಕಷ್ಟ, ಹಿಮ ತೆಗೆಯೋದೂ ಸುಲಭ.

4/7
ಈ ಊರಲ್ಲಿ ಮನೆ ಯಾವುದು, ಕಾರ್ಖಾನೆ ಯಾವುದು ಅಂತ ಹೇಳೋದೇ ಕಷ್ಟವಾಗಿತ್ತು. ಕೆಳಗೆ ಸಂಸಾರ, ಮೇಲೆ ಕಿಟಕಿ ಸಾಲಿನ ಪಕ್ಕ ಕೆಲಸದ ಮೇಜು. 1867ರಲ್ಲಿ ಬಂದ ‘ದಾಸ್ ಕ್ಯಾಪಿಟಲ್’ನಲ್ಲಿ ಕಾರ್ಲ್ ಮಾರ್ಕ್ಸ್ ಕೂಡ ಇಡೀ ಊರೇ ಒಂದು ಗಡಿಯಾರ ಕಾರ್ಖಾನೆಯಾದ ಉದಾಹರಣೆಯಾಗಿ ಇದನ್ನೇ ಹೆಸರಿಸಿದ್ದಾನೆ. ಇಲ್ಲಿನ ಜನ ಬರೀ ತಲೆ ಬಗ್ಗಿಸಿ ಕೆಲಸ ಮಾಡಿದವರೂ ಅಲ್ಲ. ಆಗ ಈ ಪ್ರದೇಶ ಸ್ವಿಸ್ ಒಕ್ಕೂಟದಲ್ಲಿದ್ದರೂ ಇದರ ರಾಜ ಪ್ರಶ್ಯದವನು. 1848ರ ಮಾರ್ಚ್ 1ರಂದು ಈ ಬೆಟ್ಟದ ಊರುಗಳ ಜನ ಹಿಮ ತುಳಿದು ನ್ಯೂಶಾಟೆಲ್ ಪಟ್ಟಣಕ್ಕೆ ಇಳಿದು, ರಾಜನ ಆಡಳಿತ ಮುಗಿಸಿ ಗಣರಾಜ್ಯ ಸಾರಿದರು.

5/7
ಈಗ ಒಂದು ತಮಾಷೆಯ ವಿಷಯ. ಇಷ್ಟು ಲೆಕ್ಕ ಹಾಕಿ ಕಟ್ಟಿದ ಊರಿಗೆ ನದಿಯೇ ಇರಲಿಲ್ಲ! ಸುಣ್ಣಕಲ್ಲಿನ ನೆಲ ಮಳೆನೀರನ್ನೆಲ್ಲ ಕುಡಿದುಬಿಡುತ್ತೆ. ಜನ ಬಾವಿ, ಮಳೆನೀರಿನ ತೊಟ್ಟಿಗಳನ್ನೇ ನಂಬಿದ್ದರು. ಕೊನೆಗೆ 1887ರಲ್ಲಿ ಸುಮಾರು 500 ಮೀಟರ್ ಕೆಳಗಿನ ಅರೂಸ್ ಕಣಿವೆಯಿಂದ, ಅದೇ ನದಿಯ ಶಕ್ತಿಯಿಂದಲೇ ಪಂಪ್ ಓಡಿಸಿ ನೀರು ಮೇಲೆ ತಂದರು. ಅದೇ ವರ್ಷ ಡಯಲ್‌ಗೆ ಎನಾಮಲ್ ಹಾಕುವವನೊಬ್ಬನ ಮನೆಯಲ್ಲಿ ಒಂದು ಗಂಡು ಮಗು ಹುಟ್ಟಿತು. ಹುಡುಗ ಇಲ್ಲಿನ ಕಲಾಶಾಲೆಯಲ್ಲಿ ಗಡಿಯಾರದ ಕೆತ್ತನೆ ಕಲಿತ. ಮುಂದೆ ಲೆ ಕಾರ್ಬುಸಿಯೇ ಅನ್ನೋ ಹೆಸರು ಇಟ್ಟುಕೊಂಡ. ಹೌದು, 1951ರಿಂದ ನಮ್ಮ ಚಂಡೀಗಢದ ನಕ್ಷೆ ಮಾಡಿದವನೇ! ಇಲ್ಲಿನ ಬೀದಿಗಳೇ ಅಲ್ಲಿಗೆ ಹೋದವು ಅಂತ ನಾನು ಹೇಳ್ತಿಲ್ಲ. ಆದರೆ ನೇರ ಬೀದಿ, ಬಿಸಿಲು, ಹಸಿರು ಇವನ್ನೆಲ್ಲ ಅವನು ಹುಟ್ಟಿದಾಗಿನಿಂದ ನೋಡಿದ್ದ. 1997ರಲ್ಲಿ ಬಂದ ಸ್ವಿಸ್ 10 ಫ್ರಾಂಕ್ ನೋಟಿನ ಒಂದು ಕಡೆ ಅವನ ಮುಖ, ಇನ್ನೊಂದು ಕಡೆ ಚಂಡೀಗಢದ ಕಟ್ಟಡಗಳಿದ್ದವು.

6/7
ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಕತ್ತಲಲ್ಲಿ ಹೊಳೆಯುವ ಡಯಲ್‌ಗಳಿಗೆ ಹಿಂದೆ ರೇಡಿಯಂ ಬಣ್ಣ ಬಳಿಯುತ್ತಿದ್ದರು. ಎಷ್ಟೋ ಜನ, ಅದರಲ್ಲೂ ಹೆಂಗಸರು, ಮನೆಯಲ್ಲೇ ಕೂತು ಈ ಕೆಲಸ ಮಾಡಿದ್ದರು. ಮನೆಯೇ ಕಾರ್ಖಾನೆ ಆದರೆ ವಿಷವೂ ಮನೆಯೊಳಗೇ ಉಳಿಯುತ್ತೆ. ದಶಕಗಳ ನಂತರ, 2015ರಿಂದ, ಸರ್ಕಾರ ಇಂಥ ಮನೆಗಳನ್ನು ಹುಡುಕಿ ಸ್ವಚ್ಛ ಮಾಡಿಸಬೇಕಾಯ್ತು. ಇನ್ನೊಂದು ಪೆಟ್ಟು ಜಪಾನಿನಿಂದ ಬಂತು. 1969ರ ಡಿಸೆಂಬರ್‌ನಲ್ಲಿ ಸೀಕೋ ಕ್ವಾರ್ಟ್ಜ್ ಕೈಗಡಿಯಾರ ಮಾರುಕಟ್ಟೆಗೆ ಬಂತು. 1970ರ ಹೊತ್ತಿಗೆ ಸ್ವಿಸ್ ಗಡಿಯಾರ ಉದ್ಯಮದಲ್ಲಿ ಸುಮಾರು 90 ಸಾವಿರ ಜನರಿದ್ದರು. 80ರ ದಶಕದ ಮಧ್ಯಕ್ಕೆ ಉಳಿದವರು 30 ಸಾವಿರದ ಆಸುಪಾಸು. ಒಂದೇ ಕಸುಬಿಗೆ ಅಂತ ಕಟ್ಟಿದ ಊರಲ್ಲಿ ಆ ಕಸುಬೇ ಕುಸಿದರೆ? ಕೆಲಸ ಹುಡುಕಿಕೊಂಡು ಜನ ಊರು ಬಿಟ್ಟರು.

7/7
ಆದರೂ ಊರು ಸಾಯಲಿಲ್ಲ. ದುಬಾರಿ ಮೆಕ್ಯಾನಿಕಲ್ ಗಡಿಯಾರಗಳು ಮತ್ತೆ ಬೇಡಿಕೆಗೆ ಬಂದವು. 2009ರಲ್ಲಿ ಯುನೆಸ್ಕೋ ಈ ಊರನ್ನು ಪಕ್ಕದ ಲೆ ಲೋಕ್ಲ್ ಜೊತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅರಮನೆಗೋ ಚರ್ಚಿಗೋ ಅಲ್ಲ, ಕೆಲಸ ಮಾಡುವವರಿಗಾಗಿ ಯೋಚಿಸಿ ಹಾಕಿದ ಬೀದಿಗಳಿಗೆ ಸಿಕ್ಕ ಗೌರವ ಇದು. ನನಗೆ ಇಷ್ಟವಾಗಿದ್ದೂ ಅದೇ. ‘ಊರು ತಾನಾಗೇ ಬೆಳೆಯಿತು’ ಅಂತ ನಾವು ಸುಮ್ಮನೆ ಹೇಳಿಬಿಡ್ತೀವಿ. ಇಲ್ಲ, ಪ್ರತಿ ಬೀದಿಯ ಹಿಂದೆ ಯಾರೋ ಒಬ್ಬರ ತೀರ್ಮಾನ ಇರುತ್ತೆ. ಯಾರಿಗೆ ಬೆಳಕು, ಯಾರಿಗೆ ನೆರಳು ಅನ್ನೋದೂ ಅದರಲ್ಲೇ ಸೇರಿರುತ್ತೆ.

ನಾಳೆ ಕ್ಲಾಸಿಗೆ ಹೊರಡುವಾಗ ನಿಮ್ಮ ಬೀದಿ ಒಮ್ಮೆ ನೋಡಿ. ಬಿಸಿಲು ಯಾರ ಮನೆಗೆ ಬೀಳುತ್ತೆ? ಕಾಮೆಂಟಲ್ಲಿ ಹೇಳಿ. ಇಷ್ಟ ಆದ್ರೆ ಸೇವ್ ಮಾಡಿಕೊಳ್ಳಿ, ಇತಿಹಾಸ ಬೋರ್ ಅನ್ನೋ ಫ್ರೆಂಡ್‌ಗೆ ತಪ್ಪದೇ ಕಳಿಸಿ.

#ಊರಕಥೆ #ಇತಿಹಾಸ #ಸ್ವಿಟ್ಜರ್ಲೆಂಡ್ #ಕನ್ನಡದಲ್ಲಿ